ಭೂಗರ್ಭ ಕಲ್ಲಿದ್ದಲು ಅನಿಲೀಕರಣ

ಅಗೆದು ತೆಗೆಯಲಾಗದಷ್ಟು ಆಳದ ಕಲ್ಲಿದ್ದಲನ್ನು ನೆಲದೊಳಗೇ ಅರೆಬರೆ ಉರಿಸಿ ಅನಿಲವಾಗಿಸುವ ವಿಧಾನ. ಒಂದು ಕೊಳವೆಬಾವಿಯಿಂದ ಗಾಳಿ ಅಥವಾ ಆಮ್ಲಜನಕ ಮತ್ತು ಹಬೆಯನ್ನು ಒತ್ತಿ ಇಳಿಸುತ್ತಾರೆ. ಇನ್ನೊಂದರಿಂದ ಜಲಜನಕ, ಕಾರ್ಬನ್ ಮಾನಾಕ್ಸೈಡ್, ಮೀಥೇನ್ ಬೆರೆತ ಅನಿಲ ಮೇಲೇರುತ್ತದೆ. ಉರಿದ ಜಾಗ ಪೊಳ್ಳಾಗುತ್ತದೆ, ಬೂದಿ ಕೆಳಗೇ ಉಳಿಯುತ್ತದೆ. ಉಜ್ಬೇಕಿಸ್ತಾನದ ಅಂಗ್ರೇನ್‌ನಲ್ಲಿ ಇದು 1961ರಿಂದ ನಡೆದುಬಂದಿದೆ.

ಬೆಂಗಳೂರಿನಲ್ಲಿ ಈ ವಿಧಾನಕ್ಕೆ ಎಡೆಯಿಲ್ಲ: ನಗರದ ಉತ್ತರದ ಯಲಹಂಕ, ಹೆಬ್ಬಾಳಗಳ ಅಡಿಯಲ್ಲಿರುವುದು ಬಹು ಪ್ರಾಚೀನ ನೈಸ್ ಶಿಲೆ; ಅಲ್ಲಿ ಕಲ್ಲಿದ್ದಲಿಲ್ಲ. ಕರ್ನಾಟಕ ವಿದ್ಯುತ್ ನಿಗಮದ 370 ಮೆಗಾವಾಟ್ ಸಾಮರ್ಥ್ಯದ ಯಲಹಂಕ ಸ್ಥಾವರಕ್ಕೆ ನೈಸರ್ಗಿಕ ಅನಿಲ ಪಶ್ಚಿಮ ಕರಾವಳಿಯ ದಾಭೋಳದಿಂದ ಬರುವ ಕೊಳವೆಮಾರ್ಗದಲ್ಲಿ ಒದಗುತ್ತದೆ. ಗಾಳಿ ಊದಿ ಪಡೆದ ಭೂಗರ್ಭ ಅನಿಲದ ಶಾಖಮೌಲ್ಯ ನೈಸರ್ಗಿಕ ಅನಿಲದ ಸುಮಾರು ಎಂಟನೆಯ ಒಂದು ಭಾಗ. ಹಾಗಾಗಿ ಅದನ್ನು ದೂರ ಸಾಗಿಸುವುದು ಗಿಟ್ಟದು, ಯಲಹಂಕದಂಥ ಸ್ಥಾವರದ ಟರ್ಬೈನ್‌ಗೆ ನೇರ ಹೊಂದದು. ಇನ್ನು ಬೆಂಗಳೂರಿನಲ್ಲೇ ಯಶವಂತಪುರದ ಪಕ್ಕದ ಭಾರತೀಯ ವಿಜ್ಞಾನ ಸಂಸ್ಥೆ ದಶಕಗಳ ಕಾಲ ಪಳಗಿಸಿದ್ದು ನೆಲದ ಮೇಲಿನ ಅನಿಲೀಕರಣವನ್ನು. ಅಲ್ಲಿ ಇಂಧನ ಸೌದೆ, ಕೃಷಿತ್ಯಾಜ್ಯ. ಕುಲುಮೆ ಕಣ್ಣೆದುರೇ ಇರುವುದರಿಂದ ಗಾಳಿ, ತಾಪ ಎರಡೂ ಹತೋಟಿಯಲ್ಲಿರುತ್ತವೆ.

ಭೂಗರ್ಭ ವಿಧಾನದಲ್ಲಿ ಆಳ ಹೆಚ್ಚಿದಂತೆ ಒತ್ತಡ ಏರಿ ಮೀಥೇನ್ ಪ್ರಮಾಣ ಹೆಚ್ಚುತ್ತದೆ, ಕುಡಿಯುವ ನೀರಿನ ಪದರವೂ ದೂರವಾಗುತ್ತದೆ. ಕೊರೆಯುವ ಖರ್ಚು ಮಾತ್ರ ವಿಪರೀತ. ಅಂತರ್ಜಲಕ್ಕೆ ಫಿನಾಲ್, ಬೆಂಜೀನ್ ಸೇರುವುದೇ ದೊಡ್ಡ ಅಪಾಯ. ಆಸ್ಟ್ರೇಲಿಯಾದ ಚಿಂಚಿಲಾ ಪ್ರಯೋಗ ಮಣ್ಣು, ನೀರನ್ನು ಕೆಡಿಸಿದ ಮೇಲೆ ಕ್ವೀನ್ಸ್‌ಲ್ಯಾಂಡ್ ಸರ್ಕಾರ 2016ರಲ್ಲಿ ಈ ವಿಧಾನವನ್ನು ನಿಷೇಧಿಸಿತು. ಭಾರತದ ಮೊದಲ ಪ್ರಾಯೋಗಿಕ ಯೋಜನೆ ಜಾರ್ಖಂಡ್‌ನ ಕಾಸ್ತಾದಲ್ಲಿ ಜೂನ್ 2024ರಲ್ಲಿ ಆರಂಭವಾಯಿತು. ತಂತ್ರ ಸಾಧ್ಯ, ಆದರೆ ಅಂತರ್ಜಲದ ಸುರಕ್ಷೆ ಸಾಬೀತಾಗುವ ಮುನ್ನ ವಾಣಿಜ್ಯ ಮಟ್ಟಕ್ಕೆ ಒಯ್ಯುವುದು ತರವಲ್ಲ.