ಕ್ರಿಪ್ಟೊಕಾಕಸ್ ಮೆನಿಂಜೈಟಿಸ್

ಕ್ರಿಪ್ಟೊಕಾಕಸ್ ಮೆನಿಂಜೈಟಿಸ್ ಎಂಬುದು ಕ್ರಿಪ್ಟೊಕಾಕಸ್ ಎಂಬ ಶಿಲೀಂಧ್ರದಿಂದ ಮಿದುಳು ಹಾಗೂ ಬೆನ್ನುಹುರಿಯನ್ನು ಆವರಿಸಿರುವ ಪೊರೆಗಳಿಗೆ ತಗಲುವ ಗಂಭೀರ ಸೋಂಕು. ಸೋಂಕು ಬಹುಮಟ್ಟಿಗೆ ಪೊರೆಗಳಿಗಷ್ಟೇ ಸೀಮಿತವಾಗದೆ ಮಿದುಳಿನ ಒಳಭಾಗಕ್ಕೂ ವ್ಯಾಪಿಸುತ್ತದೆ. ಆರೋಗ್ಯವಂತರಲ್ಲಿ ಇದು ವಿರಳ. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ, ಅದರಲ್ಲಿಯೂ ಎಚ್.ಐ.ವಿ. ಸೋಂಕು ಮುಂದುವರಿದ ಹಂತಕ್ಕೆ ತಲಪಿದವರಲ್ಲಿ, ಹೆಚ್ಚಾಗಿ ಕಂಡುಬರುತ್ತದೆ. ಚಿಕಿತ್ಸೆ ದೊರೆಯದಿದ್ದರೆ ಇದು ಮಾರಣಾಂತಿಕ. ಸಂಶೋಧಕರ ಅಂದಾಜಿನಂತೆ 2020ರಲ್ಲಿ ಎಚ್.ಐ.ವಿ. ಸೋಂಕಿತರ ಪೈಕಿ ಜಗತ್ತಿನಾದ್ಯಂತ ಸುಮಾರು 1,52,000 ಮಂದಿಗೆ ಈ ರೋಗ ತಗಲಿ, ಸುಮಾರು 1,12,000 ಮಂದಿ ಮೃತಪಟ್ಟರು. ಇದು ಏಡ್ಸ್ ಸಂಬಂಧಿತ ಒಟ್ಟು ಮರಣಗಳ ಸುಮಾರು ಐದನೆಯ ಒಂದು ಭಾಗ. ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ಪ್ರಕಟಿಸಿದ ರೋಗಕಾರಕ ಶಿಲೀಂಧ್ರಗಳ ಆದ್ಯತಾ ಪಟ್ಟಿಯಲ್ಲಿ ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್ ಅನ್ನು ಅತ್ಯಂತ ಗಂಭೀರ ವರ್ಗದಲ್ಲಿ ಸೇರಿಸಲಾಗಿದೆ.

ಹೆಸರು ಮತ್ತು ಇತಿಹಾಸ

‘ಕ್ರಿಪ್ಟೊಕಾಕಸ್’ ಎಂಬುದು ಗ್ರೀಕ್ ಮೂಲದ ಪದ. ‘ಕ್ರಿಪ್ಟೋಸ್’ ಎಂದರೆ ಅಡಗಿದ, ‘ಕೊಕ್ಕೋಸ್’ ಎಂದರೆ ಕಾಳು ಎಂದರ್ಥ. ದಪ್ಪ ಹೊದಿಕೆಯೊಳಗೆ ಗುಂಡಗಿನ ಕಾಳಿನಂತೆ ಕಾಣುವ ಈ ಜೀವಿಗೆ ಹೆಸರು ಒಪ್ಪುವಂತಿದೆ.

1894ರಲ್ಲಿ ಜರ್ಮನಿಯ ಗ್ರೈಫ್ಸ್‌ವಾಲ್ಡ್‌ನಲ್ಲಿ ಒಟ್ಟೊ ಬುಸ್ಸೆ ಮತ್ತು ಅಬ್ರಹಾಂ ಬುಷ್ಕೆ ಎಂಬ ವೈದ್ಯರು ಮಹಿಳೆಯೊಬ್ಬರ ಮೊಣಕಾಲಿನ ಕೆಳಗಿನ ಮೂಳೆಯ ಹುಣ್ಣಿನಲ್ಲಿ ಈ ಯೀಸ್ಟ್ ಅನ್ನು ಗುರುತಿಸಿದರು. ಅದೇ ಕಾಲದಲ್ಲಿ ಇಟಲಿಯ ಫ್ರಾನ್ಸೆಸ್ಕೊ ಸಾನ್‌ಫೆಲೀಚೆ ಪೀಚ್ ಹಣ್ಣಿನ ರಸದಿಂದ ಇಂಥದೇ ಜೀವಿಯನ್ನು ಬೇರ್ಪಡಿಸಿದರು. ಇದು ಇತರ ಯೀಸ್ಟ್‌ಗಳಂತೆ ಸಕ್ಕರೆಯನ್ನು ಹುದುಗಿಸುವುದಿಲ್ಲ ಎಂಬುದನ್ನು ಗಮನಿಸಿದ ಫ್ರಾನ್ಸ್‌ನ ಝಾನ್ ಪಾಲ್ ವ್ಯುಯೆಮ್ಯಾಂ 1901ರಲ್ಲಿ ಇದನ್ನು ಕ್ರಿಪ್ಟೊಕಾಕಸ್ ಕುಲಕ್ಕೆ ಸೇರಿಸಿದರು. ಹಳೆಯ ವೈದ್ಯಗ್ರಂಥಗಳಲ್ಲಿ ಈ ರೋಗವನ್ನು ‘ಟೊರುಲೋಸಿಸ್’ ಎಂದು ಕರೆದಿರುವುದೂ ಉಂಟು. 1950ರ ದಶಕದಲ್ಲಿ ಅಮೆರಿಕದ ಚೆಸ್ಟರ್ ಎಮ್ಮನ್ಸ್ ಈ ಶಿಲೀಂಧ್ರವು ಮಣ್ಣಿನಲ್ಲಿಯೂ ಪಾರಿವಾಳದ ಹಿಕ್ಕೆಯಲ್ಲಿಯೂ ಬದುಕುತ್ತದೆಂದು ತೋರಿಸಿದರು.

ಇಪ್ಪತ್ತನೆಯ ಶತಮಾನದ ಬಹುಭಾಗದಲ್ಲಿ ಇದು ವೈದ್ಯರು ಅಪರೂಪಕ್ಕೊಮ್ಮೆ ಕಾಣುವ ರೋಗವಾಗಿತ್ತು. 1980ರ ದಶಕದಲ್ಲಿ ಏಡ್ಸ್ ಹರಡಿದ ಮೇಲೆ ಪರಿಸ್ಥಿತಿ ಬದಲಾಯಿತು. ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದ ಹಲವು ದೇಶಗಳಲ್ಲಿ ವಯಸ್ಕರ ಮೆನಿಂಜೈಟಿಸ್‌ಗೆ ಇದೇ ಪ್ರಮುಖ ಕಾರಣವಾಯಿತು.

ರೋಗಕಾರಕ

ಮನುಷ್ಯರಲ್ಲಿ ರೋಗವನ್ನುಂಟುಮಾಡುವ ಪ್ರಭೇದಗಳು ಮುಖ್ಯವಾಗಿ ಎರಡು.

ಕ್ರಿಪ್ಟೊಕಾಕಸ್ ನಿಯೊಫಾರ್ಮನ್ಸ್: ಜಗತ್ತಿನ ಎಲ್ಲೆಡೆ ಕಂಡುಬರುತ್ತದೆ. ಪಾರಿವಾಳದ ಒಣಗಿದ ಹಿಕ್ಕೆ, ಮಣ್ಣು, ಮರದ ಪೊಟರೆಗಳಲ್ಲಿನ ಕೊಳೆತ ಭಾಗ ಇದರ ನೆಲೆಗಳು. ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಉಂಟಾಗುವ ಸೋಂಕುಗಳಲ್ಲಿ ಹೆಚ್ಚಿನವು ಇದರಿಂದಲೇ ಬರುತ್ತವೆ.

ಕ್ರಿಪ್ಟೊಕಾಕಸ್ ಗಟ್ಟಿಯೈ: ಮರಗಳೊಡನೆ ಹೆಚ್ಚಿನ ನಂಟುಳ್ಳದ್ದು. 1990ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಇದನ್ನು ನೀಲಗಿರಿ ಮರದ ಒಂದು ಜಾತಿಯ ಪರಿಸರದಿಂದ ಬೇರ್ಪಡಿಸಿದರು. ಭಾರತದಲ್ಲಿಯೂ ಅದೇ ಜಾತಿಯ ಮರದ ಮೇಲೆ ಇದು ಪತ್ತೆಯಾಗಿದೆ. 1999ರಿಂದ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಇದರ ಸೋಂಕು ಜನರಲ್ಲಿಯೂ ಪ್ರಾಣಿಗಳಲ್ಲಿಯೂ ಹೆಚ್ಚಾಗಿ ಕಾಣಿಸಿಕೊಂಡಿತು. ಈ ಪ್ರಭೇದವು ಆರೋಗ್ಯವಂತರನ್ನೂ ಬಾಧಿಸಬಲ್ಲದು.

ಈ ಶಿಲೀಂಧ್ರಕ್ಕೆ ಮೂರು ರಕ್ಷಣೆಗಳಿವೆ. ಮೊದಲನೆಯದು, ಜೀವಕೋಶದ ಸುತ್ತಲಿರುವ ಬಹುಶರ್ಕರದ ಲೋಳೆಹೊದಿಕೆ; ದೇಹದ ಬಿಳಿ ರಕ್ತಕಣಗಳು ಶಿಲೀಂಧ್ರವನ್ನು ನುಂಗದಂತೆ ಇದು ತಡೆಯುತ್ತದೆ. ಎರಡನೆಯದು, ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ. ಮಿದುಳಿನಲ್ಲಿ ಸಹಜವಾಗಿಯೇ ಇರುವ ಡೋಪಮಿನ್‌ನಂತಹ ವಸ್ತುಗಳನ್ನು ಬಳಸಿಕೊಂಡು ಇದನ್ನು ತಯಾರಿಸಿಕೊಳ್ಳುವ ಸಾಮರ್ಥ್ಯ ಶಿಲೀಂಧ್ರಕ್ಕಿದೆ. ಮೂರನೆಯದು, ಮನುಷ್ಯ ದೇಹದ 37 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಬೆಳೆಯುವ ಶಕ್ತಿ. ಬಹುಪಾಲು ಶಿಲೀಂಧ್ರಗಳು ಈ ಉಷ್ಣತೆಯನ್ನು ತಾಳಲಾರವು.

ಸೋಂಕು ತಗಲುವ ಬಗೆ

ಗಾಳಿಯಲ್ಲಿ ತೇಲುವ ಶಿಲೀಂಧ್ರದ ಸೂಕ್ಷ್ಮ ಕಣಗಳು ಉಸಿರಿನೊಡನೆ ಶ್ವಾಸಕೋಶವನ್ನು ಸೇರುತ್ತವೆ. ಅನೇಕರಿಗೆ ಇದು ತಿಳಿಯದೆಯೇ ನಡೆದುಹೋಗುತ್ತದೆ. ಆರೋಗ್ಯವಂತರ ದೇಹವು ಶಿಲೀಂಧ್ರವನ್ನು ನಾಶಪಡಿಸುತ್ತದೆ, ಇಲ್ಲವೆ ಶ್ವಾಸಕೋಶ ಮತ್ತು ಅದರ ಬಳಿಯ ದುಗ್ಧಗ್ರಂಥಿಗಳಲ್ಲಿಯೇ ಕಟ್ಟಿಹಾಕುತ್ತದೆ. ಮುಂದೆಂದೋ ರೋಗನಿರೋಧಕ ಶಕ್ತಿ ಕುಗ್ಗಿದಾಗ ಅಡಗಿದ್ದ ಸೋಂಕು ಎಚ್ಚೆತ್ತು ರಕ್ತದ ಮೂಲಕ ಮಿದುಳನ್ನು ತಲಪುತ್ತದೆ. ತನ್ನನ್ನು ನುಂಗಿದ ಬಿಳಿ ರಕ್ತಕಣದೊಳಗೇ ಕುಳಿತು ರಕ್ತ ಮತ್ತು ಮಿದುಳಿನ ನಡುವಿನ ತಡೆಯನ್ನು ದಾಟುವುದು ಇದರ ಒಂದು ಮಾರ್ಗ. ಈ ತಂತ್ರವನ್ನು ವಿಜ್ಞಾನಿಗಳು ಗ್ರೀಕ್ ಪುರಾಣದ ಟ್ರಾಯ್ ನಗರದ ಮರದ ಕುದುರೆಗೆ ಹೋಲಿಸುತ್ತಾರೆ.

ಈ ರೋಗವು ಮನುಷ್ಯರಿಂದ ಮನುಷ್ಯರಿಗೆ ಗಾಳಿಯ ಮೂಲಕವಾಗಲಿ ಸ್ಪರ್ಶದಿಂದಾಗಲಿ ಹರಡುವುದಿಲ್ಲ. ರೋಗಿಯೊಡನೆ ಕುಳಿತು ಉಣ್ಣುವುದರಿಂದ ಅಥವಾ ಅವರ ಶುಶ್ರೂಷೆ ಮಾಡುವುದರಿಂದ ಇದು ಅಂಟುವುದಿಲ್ಲ. ಆದ್ದರಿಂದ ರೋಗಿಯನ್ನು ಪ್ರತ್ಯೇಕವಾಗಿ ಇರಿಸುವ ಅಗತ್ಯವಿಲ್ಲ.

ಯಾರಿಗೆ ಅಪಾಯ ಹೆಚ್ಚು

ರೋಗನಿರೋಧಕ ವ್ಯವಸ್ಥೆಯಲ್ಲಿ ಸಿಡಿ4 ಎಂಬ ಬಗೆಯ ಬಿಳಿ ರಕ್ತಕಣಗಳು ಇತರ ಕಣಗಳಿಗೆ ನಿರ್ದೇಶನ ನೀಡುವ ಕೆಲಸ ಮಾಡುತ್ತವೆ. ಆರೋಗ್ಯವಂತ ವಯಸ್ಕರ ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 500ಕ್ಕಿಂತ ಹೆಚ್ಚಿರುತ್ತವೆ. ಎಚ್.ಐ.ವಿ. ವೈರಾಣು ಇವನ್ನೇ ನಾಶಪಡಿಸುತ್ತದೆ. ಸಿಡಿ4 ಎಣಿಕೆ 100ಕ್ಕಿಂತ ಕೆಳಗಿಳಿದವರಲ್ಲಿ ಈ ರೋಗದ ಅಪಾಯ ತೀವ್ರವಾಗಿ ಹೆಚ್ಚುತ್ತದೆ.

ಎಚ್.ಐ.ವಿ. ಇಲ್ಲದವರೂ ಇದರಿಂದ ಮುಕ್ತರಲ್ಲ. ಮೂತ್ರಪಿಂಡವೇ ಮೊದಲಾದ ಅಂಗಗಳ ಕಸಿ ಮಾಡಿಸಿಕೊಂಡವರು, ದೀರ್ಘಕಾಲ ಸ್ಟೀರಾಯ್ಡ್ ಔಷಧ ಸೇವಿಸುವವರು, ರಕ್ತದ ಕ್ಯಾನ್ಸರ್ ಇರುವವರು ಹಾಗೂ ಯಕೃತ್ತಿನ ಸಿರೋಸಿಸ್ ಇರುವವರು ಅಪಾಯದ ಗುಂಪಿಗೆ ಸೇರುತ್ತಾರೆ. ಇಂಥವರಲ್ಲಿ ಈ ರೋಗದ ಶಂಕೆ ವೈದ್ಯರಿಗೆ ತಡವಾಗಿ ಮೂಡುವುದರಿಂದ ಪತ್ತೆಯೂ ತಡವಾಗುವುದುಂಟು.

ರೋಗಲಕ್ಷಣಗಳು

ಬ್ಯಾಕ್ಟೀರಿಯಾದಿಂದ ಬರುವ ಮೆನಿಂಜೈಟಿಸ್ ಕೆಲವೇ ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಉಲ್ಬಣಿಸುತ್ತದೆ. ಕ್ರಿಪ್ಟೊಕಾಕಸ್ ಮೆನಿಂಜೈಟಿಸ್ ಹಾಗಲ್ಲ. ಒಂದರಿಂದ ಕೆಲವು ವಾರಗಳ ಅವಧಿಯಲ್ಲಿ ಇದು ಮೆಲ್ಲನೆ ಬಲಿಯುತ್ತದೆ. ಮುಖ್ಯ ಲಕ್ಷಣಗಳು ಹೀಗಿವೆ:

- ದಿನದಿಂದ ದಿನಕ್ಕೆ ಹೆಚ್ಚುವ, ಮಾತ್ರೆಗೆ ಬಗ್ಗದ ತಲೆನೋವು
- ಜ್ವರ, ವಾಕರಿಕೆ ಮತ್ತು ವಾಂತಿ
- ಒಂದು ವಸ್ತು ಎರಡಾಗಿ ಕಾಣುವುದು, ದೃಷ್ಟಿ ಮಂಜಾಗುವುದು, ಶ್ರವಣಶಕ್ತಿ ಕುಂದುವುದು
- ಮರೆವು, ಗೊಂದಲ, ಸ್ವಭಾವದಲ್ಲಿ ಬದಲಾವಣೆ
- ಕೊನೆಯ ಹಂತದಲ್ಲಿ ಅಪಸ್ಮಾರ ಹಾಗೂ ಪ್ರಜ್ಞಾಹೀನತೆ

ಮೆನಿಂಜೈಟಿಸ್‌ನ ಪ್ರಸಿದ್ಧ ಲಕ್ಷಣವಾದ ಕುತ್ತಿಗೆಯ ಬಿಗಿತ ಅನೇಕ ರೋಗಿಗಳಲ್ಲಿ ಇರುವುದೇ ಇಲ್ಲ. ರೋಗನಿರೋಧಕ ಶಕ್ತಿ ಕುಂದಿದ ದೇಹದಲ್ಲಿ ಉರಿಯೂತವೂ ಮಂದವಾಗಿರುವುದೇ ಇದಕ್ಕೆ ಕಾರಣ. ಹೀಗಾಗಿ ಆರಂಭದಲ್ಲಿ ಇದನ್ನು ಸಾಮಾನ್ಯ ತಲೆನೋವು ಎಂದು ಭಾವಿಸಿ ದಿನಗಳನ್ನು ಕಳೆಯುವ ಅಪಾಯವಿದೆ. ಕೆಲವರಲ್ಲಿ ಕೆಮ್ಮು, ಎದೆನೋವು ಮೊದಲಾದ ಶ್ವಾಸಕೋಶದ ತೊಂದರೆಗಳೂ ಚರ್ಮದ ಮೇಲೆ ಸಣ್ಣ ಗುಳ್ಳೆಗಳೂ ಕಾಣಿಸಿಕೊಳ್ಳುತ್ತವೆ.

ರೋಗ ಪತ್ತೆ

ರೋಗವನ್ನು ಖಚಿತಪಡಿಸಲು ಮಿದುಳು ಮತ್ತು ಬೆನ್ನುಹುರಿಯ ಸುತ್ತಲಿರುವ ದ್ರವವನ್ನು ಪರೀಕ್ಷಿಸಬೇಕಾಗುತ್ತದೆ. ಸೊಂಟದ ಭಾಗದಲ್ಲಿ ಎರಡು ಕಶೇರುಗಳ ನಡುವೆ ಸಣ್ಣ ಸೂಜಿ ತೂರಿಸಿ ಈ ದ್ರವವನ್ನು ಸಂಗ್ರಹಿಸಲಾಗುತ್ತದೆ. ಜನರಲ್ಲಿ ಇದು ‘ಬೆನ್ನಿನ ನೀರು ತೆಗೆಯುವುದು’ ಎಂದು ಪರಿಚಿತ. ಇದರಿಂದ ಕಾಲಿನ ಸ್ವಾಧೀನ ತಪ್ಪುತ್ತದೆಂಬ ಭಯದಿಂದ ಕೆಲವು ಕುಟುಂಬಗಳು ಒಪ್ಪಿಗೆ ನೀಡಲು ಹಿಂಜರಿಯುವುದುಂಟು. ವಯಸ್ಕರಲ್ಲಿ ಬೆನ್ನುಹುರಿಯು ಸೊಂಟದ ಮೊದಲ ಅಥವಾ ಎರಡನೆಯ ಕಶೇರುವಿನ ಮಟ್ಟದಲ್ಲಿ ಮುಗಿಯುತ್ತದೆ. ಸೂಜಿಯನ್ನು ಅದಕ್ಕಿಂತ ಕೆಳಗೆ ಚುಚ್ಚುವುದರಿಂದ ಅದು ಬೆನ್ನುಹುರಿಗೆ ತಗಲುವುದಿಲ್ಲ. ಮಿದುಳಿನಲ್ಲಿ ಗಡ್ಡೆ ಇರುವ ಸಂದೇಹವಿದ್ದರೆ ವೈದ್ಯರು ಮೊದಲು ಸ್ಕ್ಯಾನ್ ಮಾಡಿಸುತ್ತಾರೆ.

ಪಡೆದ ದ್ರವದ ಮೇಲೆ ಮೂರು ಬಗೆಯ ಪರೀಕ್ಷೆಗಳನ್ನು ನಡೆಸಲಾಗುತ್ತದೆ.

ಇಂಡಿಯಾ ಇಂಕ್ ಪರೀಕ್ಷೆ: ದ್ರವಕ್ಕೆ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದಲ್ಲಿ ನೋಡುವ ಹಳೆಯ ವಿಧಾನ. ಶಾಯಿಯ ಕಣಗಳು ಲೋಳೆಹೊದಿಕೆಯನ್ನು ಹೊಗಲಾರವಾದ್ದರಿಂದ ಕಪ್ಪು ಹಿನ್ನೆಲೆಯಲ್ಲಿ ಶಿಲೀಂಧ್ರದ ಸುತ್ತ ಬೆಳ್ಳನೆಯ ಪ್ರಭಾವಳಿ ಕಾಣುತ್ತದೆ. ಖರ್ಚು ಕಡಿಮೆ, ಆದರೆ ಶಿಲೀಂಧ್ರಗಳ ಸಂಖ್ಯೆ ಕಡಿಮೆಯಿದ್ದಾಗ ರೋಗ ಕಣ್ತಪ್ಪಬಹುದು.

ಕೃಷಿಕೆ: ದ್ರವವನ್ನು ಪೋಷಕ ಮಾಧ್ಯಮದ ಮೇಲಿರಿಸಿ ಶಿಲೀಂಧ್ರವನ್ನು ಬೆಳೆಸುವ ವಿಧಾನ. ಫಲಿತಾಂಶಕ್ಕೆ ಹಲವು ದಿನಗಳು ಬೇಕು. ಇದಕ್ಕೆ ಬಳಸುವ ಮಾಧ್ಯಮಗಳಲ್ಲಿ ಒಂದನ್ನು ಹುಚ್ಚೆಳ್ಳಿನಿಂದ ತಯಾರಿಸುತ್ತಾರೆ. ಉತ್ತರ ಕರ್ನಾಟಕದಲ್ಲಿ ಗುರೆಳ್ಳು ಎಂದು ಕರೆದು ಚಟ್ನಿಪುಡಿಗೆ ಬಳಸುವ ಎಣ್ಣೆಕಾಳೇ ಇದು. ಈ ಕಾಳಿನ ಅಂಶವುಳ್ಳ ಮಾಧ್ಯಮದಲ್ಲಿ ಕ್ರಿಪ್ಟೊಕಾಕಸ್ ಮೆಲನಿನ್ ತಯಾರಿಸಿ ಕಂದುಬಣ್ಣಕ್ಕೆ ತಿರುಗುವುದರಿಂದ ಇತರ ಯೀಸ್ಟ್‌ಗಳಿಂದ ಅದನ್ನು ಸುಲಭವಾಗಿ ಪ್ರತ್ಯೇಕಿಸಬಹುದು.

ಪ್ರತಿಜನಕ ಪರೀಕ್ಷೆ: ಶಿಲೀಂಧ್ರದ ಹೊದಿಕೆಯಿಂದ ಕಳಚಿ ದ್ರವದಲ್ಲಿ ಬೆರೆತ ಅಂಶವನ್ನು ಕಾಗದದ ಪಟ್ಟಿಯ ಮೂಲಕ ಪತ್ತೆಹಚ್ಚುವ ವಿಧಾನ. ಸುಮಾರು ಹತ್ತು ನಿಮಿಷಗಳಲ್ಲಿ ಫಲಿತಾಂಶ ದೊರೆಯುತ್ತದೆ, ನಿಖರತೆಯೂ ಹೆಚ್ಚು. ರಕ್ತದ ಮೇಲೂ ಇದನ್ನು ನಡೆಸಬಹುದು.

ಭಾರತದಲ್ಲಿ ಕ್ಷಯದಿಂದ ಬರುವ ಮೆನಿಂಜೈಟಿಸ್ ಸಾಮಾನ್ಯ. ಎರಡೂ ರೋಗಗಳು ನಿಧಾನವಾಗಿ ಬೆಳೆಯುತ್ತವೆ. ಎರಡರಲ್ಲಿಯೂ ದ್ರವದ ಸಕ್ಕರೆ ಅಂಶ ಇಳಿದು ಪ್ರೋಟೀನ್ ಏರುತ್ತದೆ. ಒಂದನ್ನು ಇನ್ನೊಂದೆಂದು ಭಾವಿಸಿದರೆ ಚಿಕಿತ್ಸೆಯ ದಾರಿಯೇ ತಪ್ಪುವುದರಿಂದ ಪ್ರತಿಜನಕ ಪರೀಕ್ಷೆಗೆ ವಿಶೇಷ ಮಹತ್ವವಿದೆ.

ಚಿಕಿತ್ಸೆ

1950ರ ದಶಕಕ್ಕೆ ಮೊದಲು ಈ ರೋಗಕ್ಕೆ ಪರಿಣಾಮಕಾರಿ ಔಷಧವಿರಲಿಲ್ಲ. ವೆನೆಜುವೆಲಾ ದೇಶದ ಮಣ್ಣಿನಲ್ಲಿ ದೊರೆತ ಸೂಕ್ಷ್ಮಜೀವಿಯೊಂದರಿಂದ ಆ ದಶಕದಲ್ಲಿ ಆಂಫೊಟೆರಿಸಿನ್ ಬಿ ಎಂಬ ಔಷಧವನ್ನು ಪಡೆಯಲಾಯಿತು. 2021ರಲ್ಲಿ ಕೋವಿಡ್‌ನ ಎರಡನೆಯ ಅಲೆಯ ಸಂದರ್ಭದಲ್ಲಿ ‘ಕಪ್ಪು ಶಿಲೀಂಧ್ರ’ ರೋಗದ ಚಿಕಿತ್ಸೆಗೆ ಬೇಡಿಕೆ ಏರಿ ಭಾರತದಲ್ಲಿ ಕೊರತೆಯಾದ ಔಷಧ ಇದೇ.

ಚಿಕಿತ್ಸೆಯಲ್ಲಿ ಮೂರು ಘಟ್ಟಗಳಿವೆ. ಮೊದಲ ಎರಡು ವಾರಗಳಲ್ಲಿ ಶಿಲೀಂಧ್ರವನ್ನು ವೇಗವಾಗಿ ಕೊಲ್ಲುವ ಔಷಧಗಳನ್ನು ಕೊಡಲಾಗುತ್ತದೆ. ಮುಂದಿನ ಎಂಟು ವಾರ ಫ್ಲುಕೊನಜೋಲ್ ಎಂಬ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿಯೂ, ಅನಂತರ ರೋಗನಿರೋಧಕ ಶಕ್ತಿ ಮರಳುವವರೆಗೆ ಕಡಿಮೆ ಪ್ರಮಾಣದಲ್ಲಿಯೂ ಮುಂದುವರಿಸಲಾಗುತ್ತದೆ. ಗುಣಮುಖವಾದಂತೆ ತೋರಿದಾಗ ಮಾತ್ರೆ ನಿಲ್ಲಿಸಿದರೆ ರೋಗ ಮರುಕಳಿಸುವ ಸಾಧ್ಯತೆ ಹೆಚ್ಚು.

ಆಂಫೊಟೆರಿಸಿನ್‌ನ ಹಳೆಯ ರೂಪವನ್ನು ದಿನವೂ ರಕ್ತನಾಳಕ್ಕೆ ನೀಡಬೇಕಾಗಿತ್ತು; ಅದು ಮೂತ್ರಪಿಂಡಕ್ಕೆ ಹಾನಿ ಮಾಡುತ್ತಿತ್ತು. ಕೊಬ್ಬಿನ ಸೂಕ್ಷ್ಮ ಕಣಗಳಲ್ಲಿ ಅಡಕಗೊಳಿಸಿದ ಲೈಪೋಸೋಮ್ ರೂಪದಲ್ಲಿ ಈ ತೊಂದರೆ ಕಡಿಮೆ. ಬೋಟ್ಸ್ವಾನಾ, ಮಲಾವಿ, ದಕ್ಷಿಣ ಆಫ್ರಿಕಾ, ಉಗಾಂಡಾ ಮತ್ತು ಜಿಂಬಾಬ್ವೆಗಳಲ್ಲಿ ನಡೆದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು, ಈ ರೂಪದ ಔಷಧವನ್ನು ದೇಹತೂಕದ ಪ್ರತಿ ಕಿಲೋಗ್ರಾಂಗೆ 10 ಮಿಲಿಗ್ರಾಂನಂತೆ ಒಂದೇ ಬಾರಿ ಕೊಟ್ಟು, ಜೊತೆಗೆ ಎರಡು ವಾರ ಫ್ಲುಸೈಟೊಸಿನ್ ಮತ್ತು ಫ್ಲುಕೊನಜೋಲ್ ಮಾತ್ರೆಗಳನ್ನು ನೀಡಿದರೆ ಹಿಂದಿನ ಕ್ರಮದಷ್ಟೇ ಫಲ ದೊರೆಯುವುದೆಂದು ತೋರಿಸಿತು. ಅದೇ ವರ್ಷ ವಿಶ್ವ ಆರೋಗ್ಯ ಸಂಸ್ಥೆ ಎಚ್.ಐ.ವಿ. ಸೋಂಕಿತರಿಗೆ ಈ ಕ್ರಮವನ್ನು ಶಿಫಾರಸು ಮಾಡಿತು. ಇಷ್ಟಾದರೂ ಆ ಅಧ್ಯಯನದಲ್ಲಿಯೇ ಸುಮಾರು ನಾಲ್ವರಲ್ಲಿ ಒಬ್ಬ ರೋಗಿ ಹತ್ತು ವಾರಗಳೊಳಗೆ ಮೃತಪಟ್ಟುದು ರೋಗದ ತೀವ್ರತೆಗೆ ಸಾಕ್ಷಿ.

ತಲೆಬುರುಡೆಯೊಳಗಿನ ಒತ್ತಡ: ಶಿಲೀಂಧ್ರಗಳೂ ಅವುಗಳ ಲೋಳೆಯೂ ದ್ರವ ಹೊರಹರಿಯುವ ಸೂಕ್ಷ್ಮ ಮಾರ್ಗಗಳನ್ನು ಮುಚ್ಚುವುದರಿಂದ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ಕುರುಡುತನಕ್ಕೂ ಆರಂಭಿಕ ಮರಣಕ್ಕೂ ಇದು ಮುಖ್ಯ ಕಾರಣ. ಬೆನ್ನಿನಿಂದ ಮತ್ತೆ ಮತ್ತೆ, ಅಗತ್ಯವಿದ್ದರೆ ಪ್ರತಿದಿನ, ದ್ರವ ತೆಗೆದು ಒತ್ತಡ ಇಳಿಸುವುದೇ ಇದಕ್ಕೆ ಪರಿಹಾರ. ಈ ರೋಗದಲ್ಲಿ ದ್ರವ ತೆಗೆಯುವುದು ಪರೀಕ್ಷೆಯಷ್ಟೇ ಅಲ್ಲ, ಚಿಕಿತ್ಸೆಯೂ ಹೌದು. ಒತ್ತಡ ಇಳಿಸಲು ಸ್ಟೀರಾಯ್ಡ್ ಬಳಸುವುದು ಎಚ್.ಐ.ವಿ. ಸೋಂಕಿತರಲ್ಲಿ ಹಾನಿಕರವೆಂದು 2016ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ.

ಎಚ್.ಐ.ವಿ. ಚಿಕಿತ್ಸೆಯ ಸಮಯ: ಸಾಮಾನ್ಯವಾಗಿ ಎಚ್.ಐ.ವಿ. ಪತ್ತೆಯಾದ ಕೂಡಲೇ ಅದರ ಔಷಧವನ್ನು ಆರಂಭಿಸಬೇಕು. ಈ ರೋಗವಿದ್ದಾಗ ಮಾತ್ರ ಶಿಲೀಂಧ್ರದ ಚಿಕಿತ್ಸೆ ಆರಂಭಿಸಿ ನಾಲ್ಕರಿಂದ ಆರು ವಾರಗಳ ಅನಂತರ ಆರಂಭಿಸಲಾಗುತ್ತದೆ. ತಕ್ಷಣ ಚೇತರಿಸಿಕೊಂಡ ರೋಗನಿರೋಧಕ ಶಕ್ತಿಯು ಮಿದುಳಿನಲ್ಲಿರುವ ಶಿಲೀಂಧ್ರದ ಮೇಲೆ ಒಮ್ಮೆಲೇ ಎರಗಿದರೆ ಉರಿಯೂತ ಹೆಚ್ಚಿ ಪ್ರಾಣಾಪಾಯವಾಗಬಹುದು.

ತಡೆಗಟ್ಟುವಿಕೆ

ಈ ರೋಗಕ್ಕೆ ಲಸಿಕೆ ಇಲ್ಲ. ಶಿಲೀಂಧ್ರವು ಪರಿಸರದಲ್ಲಿ ಎಲ್ಲೆಡೆ ಇರುವುದರಿಂದ ಸಂಪರ್ಕವನ್ನು ಪೂರ್ತಿಯಾಗಿ ತಪ್ಪಿಸಲಾಗದು. ರೋಗನಿರೋಧಕ ಶಕ್ತಿ ಕುಂದಿದವರು ಪಾರಿವಾಳದ ಹಿಕ್ಕೆ ಶೇಖರವಾದ ಅಟ್ಟ, ಕಿಟಕಿಯಂಚು ಮೊದಲಾದವನ್ನು ಸ್ವತಃ ಗುಡಿಸದಿರುವುದು ಲೇಸು.

ಮುಖ್ಯವಾದ ತಡೆ ಎಂದರೆ ಎಚ್.ಐ.ವಿ.ಯನ್ನು ಬೇಗ ಪತ್ತೆಹಚ್ಚಿ ಚಿಕಿತ್ಸೆ ಆರಂಭಿಸುವುದು. ಮೆನಿಂಜೈಟಿಸ್‌ನ ಲಕ್ಷಣಗಳು ಕಾಣುವುದಕ್ಕೆ ವಾರಗಳ ಮೊದಲೇ ಶಿಲೀಂಧ್ರದ ಪ್ರತಿಜನಕ ರಕ್ತದಲ್ಲಿ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಸಿಡಿ4 ಎಣಿಕೆ 100ಕ್ಕಿಂತ ಕಡಿಮೆ ಇರುವವರೆಲ್ಲರ ರಕ್ತವನ್ನು ಪರೀಕ್ಷಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದೆ; 200ಕ್ಕಿಂತ ಕಡಿಮೆ ಇರುವವರಿಗೂ ಈ ಪರೀಕ್ಷೆಯನ್ನು ಪರಿಗಣಿಸಬಹುದು. ಪ್ರತಿಜನಕ ಕಂಡುಬಂದು ಮೆನಿಂಜೈಟಿಸ್ ಇಲ್ಲವೆಂದು ಖಚಿತವಾದವರಿಗೆ ಫ್ಲುಕೊನಜೋಲ್ ಮಾತ್ರೆ ಕೊಟ್ಟು ರೋಗವನ್ನು ತಡೆಯಬಹುದು.

ಭಾರತದಲ್ಲಿ

ಭಾರತದಲ್ಲಿ ಎಚ್.ಐ.ವಿ. ಸೋಂಕು ಮೊದಲು ಪತ್ತೆಯಾದದ್ದು 1986ರಲ್ಲಿ, ಇಂದಿನ ಚೆನ್ನೈನಲ್ಲಿ. 2004ರ ಏಪ್ರಿಲ್‌ನಿಂದ ಸರ್ಕಾರಿ ಕೇಂದ್ರಗಳಲ್ಲಿ ಎಚ್.ಐ.ವಿ. ಔಷಧವನ್ನು ಉಚಿತವಾಗಿ ನೀಡಲಾಗುತ್ತಿದೆ. ನರವ್ಯೂಹದ ಸೋಂಕುಗಳ ಬಗ್ಗೆ ಸಂಶೋಧನೆ ನಡೆಸುವ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ಕ್ರಿಪ್ಟೊಕಾಕಸ್ ಮೆನಿಂಜೈಟಿಸ್ ಕುರಿತೂ ಅಧ್ಯಯನಗಳನ್ನು ಪ್ರಕಟಿಸಿದ್ದಾರೆ.

ಕಳಂಕದ ಭಯದಿಂದ ಎಚ್.ಐ.ವಿ. ಪರೀಕ್ಷೆಯನ್ನು ಮುಂದೂಡಿದವರಲ್ಲಿ ಸೋಂಕು ಇರುವುದು ಮೊದಲ ಬಾರಿಗೆ ಗೊತ್ತಾಗುವುದೇ ಇಂಥ ಗಂಭೀರ ರೋಗ ಬಂದಾಗ ಎಂಬ ಸಂದರ್ಭಗಳಿವೆ. 2017ರ ಎಚ್.ಐ.ವಿ. ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯಿದೆಯು ಉದ್ಯೋಗ, ಶಿಕ್ಷಣ, ವೈದ್ಯಸೇವೆಗಳಲ್ಲಿ ಸೋಂಕಿತರ ವಿರುದ್ಧ ತಾರತಮ್ಯ ಮಾಡುವುದನ್ನು ನಿಷೇಧಿಸುತ್ತದೆ. ಸೋಂಕಿನ ವಿವರವನ್ನು ಗೋಪ್ಯವಾಗಿಡಬೇಕೆಂದೂ ವಿಧಿಸುತ್ತದೆ. ಎಚ್.ಐ.ವಿ. ಕುರಿತ ಮಾಹಿತಿಗಾಗಿ 1097 ಎಂಬ ಉಚಿತ ರಾಷ್ಟ್ರೀಯ ಸಹಾಯವಾಣಿ ಇದೆ.