ಸೋದರಮಾವನ ಜೀಪು ಮತ್ತು ಒಂದಂಗುಲದ ಲೆಕ್ಕ

ಕಳೆದ ವಾರ ನನ್ನ ಸೋದರಮಾವನ ಮೊಮ್ಮಗ ದೂರವಾಣಿಯಲ್ಲಿ ಮಾತನಾಡುತ್ತ, "ಮೇಷ್ಟ್ರು ಮಾವ, ಹೊಸ ಥಾರ್ ಗಾಡಿಯನ್ನು ನಾಲ್ಕಂಗುಲ ಎತ್ತರಿಸಿ ದೊಡ್ಡ ಟೈರು ಹಾಕಿಸಬೇಕೆಂದಿದ್ದೇನೆ, ಏನನ್ನುತ್ತೀರಿ?" ಎಂದು ಕೇಳಿದ. ನಾನು ಮೋಟಾರು ಬಲ್ಲವನಲ್ಲ. ಮೂವತ್ತು ವರ್ಷ ಮಕ್ಕಳಿಗೆ ಚರಿತ್ರೆ ಹೇಳಿದವನು. ಆದರೆ ಈ ಪ್ರಶ್ನೆಗೆ ನಮ್ಮ ಮನೆತನದಲ್ಲಿಯೇ ಒಂದು ಚರಿತ್ರೆಯುಂಟು. ಅದು ಅವನಿಗೆ ತಿಳಿಯದು. ಅವನ ತಂದೆಗೂ ಪೂರ್ತಿ ತಿಳಿದಿರಲಾರದು.

ಮೊದಲು ಜೀಪಿನ ಹುಟ್ಟು. 1940ರಲ್ಲಿ ಯುರೋಪು ಯುದ್ಧದಲ್ಲಿ ಬೇಯುತ್ತಿದ್ದಾಗ ಅಮೆರಿಕದ ಸೈನ್ಯಕ್ಕೆ ನಾಲ್ಕೂ ಚಕ್ರಗಳಿಂದ ಎಳೆಯಬಲ್ಲ ಹಗುರವಾದ ಗಾಡಿಯೊಂದು ಬೇಕಾಯಿತು. ಮಾದರಿ ಗಾಡಿಗೆ ಕೊಟ್ಟ ಗಡುವು ಕೇವಲ 49 ದಿನ. ಬ್ಯಾಂಟಮ್ ಎಂಬ ಚಿಕ್ಕ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನಿಂದ ನಕ್ಷೆ ಬರೆಯಿಸಿ, ಸೆಪ್ಟೆಂಬರ್ 23ರಂದು ಗಾಡಿಯನ್ನು ಒಪ್ಪಿಸಿತು. ಆದರೆ ದೊಡ್ಡ ಗುತ್ತಿಗೆ ದೊರೆತದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಅವೆರಡೂ ಸೇರಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ಹೊರತಂದವು. ಕೆಲಸ ಮಾಡಿದವನೊಬ್ಬ, ಉಂಡವರು ಇನ್ನಿಬ್ಬರು. ಚರಿತ್ರೆಯಲ್ಲಿ ಇದು ಹೊಸತೇನಲ್ಲ.

ಶತ್ರುವಿನ ಕಣ್ಣಿಗೆ ಬೀಳಬಾರದೆಂದು ಆ ಗಾಡಿಯನ್ನು ತಗ್ಗಾಗಿಯೇ ಮಾಡಿದ್ದರು. ಟೈರಿನ ಅಳತೆ 6.00-16, ನೆಲಕ್ಕೂ ಗಾಡಿಯ ಅತಿ ತಗ್ಗಿನ ಭಾಗಕ್ಕೂ ನಡುವೆ ಸುಮಾರು 8¾ ಅಂಗುಲ. ಯುದ್ಧಾನಂತರ, ಸ್ವಾತಂತ್ರ್ಯ ಬಂದ ಆಸುಪಾಸಿನ ವರ್ಷಗಳಲ್ಲಿ ಮಹೀಂದ್ರಾ ಕಂಪನಿ ವಿಲ್ಲೀಸ್ ಜೀಪುಗಳನ್ನು ಮುಂಬಯಿಯಲ್ಲಿ ಜೋಡಿಸತೊಡಗಿತು. 1953ರಲ್ಲಿ ವಿಲ್ಲೀಸ್‌ನವರು ಎತ್ತರದ ಹೊಸ ಎಂಜಿನ್ನಿಗೆ ಸ್ಥಳ ಮಾಡಲು ಬಾನೆಟ್ಟನ್ನೇ ಮೇಲೆತ್ತಿ ತಂದ ಮಾದರಿಯು ಅಮೆರಿಕದಲ್ಲಿ 1968ಕ್ಕೆ ನಿಂತಿತು. ಅದರ ಸಂತತಿ ನಮ್ಮ ಮಲೆನಾಡಿನಲ್ಲಿ ದಶಕಗಳ ಕಾಲ ಅಡಿಕೆ, ಗೊಬ್ಬರ, ಮದುವೆಯ ದಿಬ್ಬಣ ಎಲ್ಲವನ್ನೂ ಹೊತ್ತಿತು.

ನನ್ನ ಸೋದರಮಾವನದು ಸೈನ್ಯದವರು ಹರಾಜಿನಲ್ಲಿ ವಿಲೇವಾರಿ ಮಾಡಿದ ಹಳೆಯ ಜೀಪು. 1973ರ ಆಷಾಢ, ಶಾಲೆಗೆ ಮಳೆರಜೆ, ನಾನು ಮಾವನ ಮನೆಯಲ್ಲಿದ್ದೆ. ನಡುರಾತ್ರಿ ಅತ್ತೆಗೆ ಹೆರಿಗೆನೋವು ಆರಂಭವಾಯಿತು. ಆಸ್ಪತ್ರೆಗೆ ಹನ್ನೊಂದು ಮೈಲಿ. ಹಳ್ಳ ದಾಟಿ ಏರು ಹತ್ತುವಲ್ಲಿ ಎತ್ತಿನಗಾಡಿಗಳು ಕೊರೆದ ಆಳವಾದ ಜಾಡಿಗೆ ಚಕ್ರಗಳು ಇಳಿದವು. ಹಿಂದಿನ ಅಚ್ಚಿನ ನಡುವೆ ಗಡಿಗೆಯಂತೆ ಜೋತುಬಿದ್ದಿರುವ ಡಿಫರೆನ್ಷಿಯಲ್ ಜಾಡಿನ ನಡುದಿಬ್ಬದ ಮೇಲೆ ಕುಳಿತುಬಿಟ್ಟಿತು. ಚಕ್ರಗಳು ಕೆಸರನ್ನು ಎರಚುತ್ತ ಸುಮ್ಮನೆ ತಿರುಗಿದವು. ಲಾಟೀನು ಹಿಡಿದು ನಿಂತವನು ನಾನೇ. ಅಡಿಕೆ ದಬ್ಬೆಗಳನ್ನು ಒಟ್ಟಿ ನೋಡಿದರು, ಹಗ್ಗ ಕಟ್ಟಿ ಎಳೆದರು, ಆಗಲಿಲ್ಲ. ಕೊನೆಗೆ ಕಂಬಳಿಯ ಜೋಲಿ ಮಾಡಿ ಅತ್ತೆಯನ್ನು ಹೊತ್ತು ನಡೆದರು. ಅತ್ತೆ ಉಳಿದರು, ಕೂಸು ಉಳಿಯಲಿಲ್ಲ.

ಮಳೆಗಾಲ ಕಳೆದೊಡನೆ ಮಾವ ಜೀಪನ್ನು ಪೇಟೆಯ ಮೇಸ್ತ್ರಿಯೊಬ್ಬರ ಬಳಿಗೆ ಒಯ್ದರು. ಅವರು ಸೈನ್ಯದ ವರ್ಕ್‌ಶಾಪಿನಲ್ಲಿ ದುಡಿದು ಬಂದವರು. ಜೀಪಿನಲ್ಲಿ ಕಮಾನುಪಟ್ಟಿಗಳು ಅಚ್ಚಿನ ಕೆಳಗಿರುತ್ತವೆ. ಅವನ್ನು ಅಚ್ಚಿನ ಮೇಲಕ್ಕೆ ಕೂರಿಸಿ ಗಾಡಿಯನ್ನು ನಾಲ್ಕೈದು ಅಂಗುಲ ಎತ್ತಿಬಿಡಿ ಎಂಬುದು ಮಾವನ ಬೇಡಿಕೆ. ಮೇಸ್ತ್ರಿ ಒಪ್ಪಲಿಲ್ಲ. "ಹಾಗೆ ಮಾಡಿದರೆ ಗಾಡಿಯ ಮೈ ಏಳುತ್ತದೆ ಒಡೆಯರೇ, ಅಚ್ಚು ಏಳುವುದಿಲ್ಲ. ನಿಮ್ಮನ್ನು ಹಿಡಿದದ್ದು ಅಚ್ಚು," ಎಂದರು. ಅಚ್ಚು ಮೇಲೇಳಬೇಕಾದರೆ ಟೈರು ದೊಡ್ಡದಾಗಬೇಕು, ಬೇರೆ ದಾರಿಯಿಲ್ಲ.

ಮುಂದೆ ತರಗತಿಯಲ್ಲಿ ಈ ಲೆಕ್ಕವನ್ನು ನಾನು ಎಷ್ಟೋ ಸಲ ಹೇಳಿದ್ದೇನೆ, ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆ ಕಾಲದ ಟೈರಿನ ಅಗಲವೆಷ್ಟೋ ಎತ್ತರವೂ ಸರಿಸುಮಾರು ಅಷ್ಟೇ. 6.00-16 ಎಂದರೆ 16 ಅಂಗುಲದ ರಿಮ್ಮಿಗೆ ಮೇಲೆ ಆರು, ಕೆಳಗೆ ಆರು, ವ್ಯಾಸ 28. ಅದೇ 7.00-16 ಆದರೆ 30. ವ್ಯಾಸ ಎರಡಂಗುಲ ಹೆಚ್ಚಿದರೂ ಅಚ್ಚು ಏರುವುದು ಅದರ ಅರ್ಧ, ಒಂದೇ ಅಂಗುಲ. ಇಷ್ಟಕ್ಕೇ ವೇಗಮಾಪಕ 40 ತೋರಿಸುವಾಗ ಗಾಡಿ ನಿಜವಾಗಿ 43ರಲ್ಲಿ ಓಡುತ್ತಿರುತ್ತದೆ. ಏರಿನಲ್ಲಿ ಎಂಜಿನ್ನಿನ ಎಳೆತ ಅಷ್ಟೇ ಪ್ರಮಾಣದಲ್ಲಿ ತಗ್ಗುತ್ತದೆ, ಬ್ರೇಕಿಗೂ ಹೊರೆ ಹೆಚ್ಚು.

ಮೇಸ್ತ್ರಿ 7.00ರ ಟೈರುಗಳನ್ನೇ ಹಾಕಿದರು. ತಿರುವಿನಲ್ಲಿ ಅವು ಮಡ್‌ಗಾರ್ಡಿಗೆ ಉಜ್ಜದಿರಲೆಂದು ಕಮಾನಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ, ಶ್ಯಾಕಲ್‌ಗಳನ್ನು ತುಸು ಉದ್ದ ಮಾಡಿ, ಮೈಯನ್ನು ಒಂದೂವರೆ ಅಂಗುಲ ಎತ್ತಿದರು. ಅದಕ್ಕಿಂತ ಎತ್ತಿದರೆ ಪ್ರೊಪೆಲ್ಲರ್ ಶಾಫ್ಟಿನ ಓರೆ ಹೆಚ್ಚಿ ಅದರ ಕೀಲುಗಳು ಬೇಗ ಸವೆಯುತ್ತವೆ ಎಂದರು. ಮಾವನಿಗೆ ಸಮಾಧಾನವಾಗಲಿಲ್ಲ. ಅಷ್ಟು ದೊಡ್ಡ ದುಃಖಕ್ಕೆ ಒಂದಂಗುಲದ ಪರಿಹಾರ ಯಾರಿಗೆ ತಾನೆ ಸಾಕೆನಿಸೀತು? ನೆರೆಯೂರಿನವರೊಬ್ಬರು ಬೇರೆಡೆ ಹೋಗಿ ಕಮಾನನ್ನು ಮೇಲಕ್ಕೆ ಹಾಕಿಸಿಕೊಂಡು ಬಂದು ಬೀಗಿದರು. ಮರುವರ್ಷ ಅಡಿಕೆಮೂಟೆ ಹೇರಿಕೊಂಡು ಘಟ್ಟದ ತಿರುವಿನಲ್ಲಿ ಅವರ ಜೀಪು ಮಗುಚಿ, ಅವರು ಕಾಲು ಕಳೆದುಕೊಂಡರು. ಆ ಬಳಿಕ ಮಾವ ಎತ್ತರದ ಮಾತೆತ್ತಲಿಲ್ಲ. ಗುದ್ದಲಿ ಹಿಡಿದು ಆ ಏರಿನ ನಡುದಿಬ್ಬವನ್ನು ಪ್ರತಿ ಮಳೆಗಾಲದ ಮುಂಚೆ ತಾವೇ ತರಿಯುತ್ತಿದ್ದರು. ಒಂದಂಗುಲವನ್ನು ಟೈರು ಕೊಟ್ಟಿತು, ಉಳಿದುದನ್ನು ಗುದ್ದಲಿ.

ಹುಡುಗನಿಗೆ ನಾನು ಹೇಳಿದ್ದಿಷ್ಟು. 2020ರಲ್ಲಿ ಬಂದ ನಿನ್ನ ಮಾದರಿಯ ಗಾಡಿಗೆ ನೆಲದಿಂದ 226 ಮಿಲಿಮೀಟರು ಎತ್ತರವಿದೆ, ಅಂದರೆ ಒಂಬತ್ತಂಗುಲಕ್ಕೆ ತುಸು ಕಡಿಮೆ. ಎಂಬತ್ತು ವರ್ಷಗಳಲ್ಲಿ ಆ ಅಳತೆ ಹೆಚ್ಚೇನೂ ಕದಲಿಲ್ಲ! 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮಿನಂತೆ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಹಾಗೆ ಗಾಡಿಯನ್ನು ಮಾರ್ಪಡಿಸಕೂಡದೆಂದು ಸರ್ವೋಚ್ಚ ನ್ಯಾಯಾಲಯ 2019ರ ಜನವರಿಯಲ್ಲಿ ಸ್ಪಷ್ಟಪಡಿಸಿದೆ. ಆದ್ದರಿಂದ ಎತ್ತರಿಸುವ ಮಾತು ಬಿಡು. ಟೈರನ್ನು ಕಂಪನಿಯವರು ಒಪ್ಪಿರುವ ಅಳತೆಯೊಳಗೇ ಆರಿಸು; ಕೆಸರನ್ನು ಹಿಡಿಯುವ ಒರಟು ಅಚ್ಚಿನದಿರಲಿ.

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಜ್ಜಿಗೆ ಇನ್ನೊಂದು ಮಗುವಿತ್ತೆಂದು ನಮಗೆ ಯಾರೂ ಹೇಳಿರಲೇ ಇಲ್ಲ," ಎಂದ. ಹೌದು, ನಾವು ಹೇಳಿರಲಿಲ್ಲ. ಅಂದು ಬಿಚ್ಚಿ ತೆಗೆದ 6.00ರ ಟೈರುಗಳಲ್ಲಿ ಒಂದು ಇಂದಿಗೂ ಅವರ ಕೊಟ್ಟಿಗೆಯ ಹಿಂದಿದೆ. ಅತ್ತೆ ಅದರೊಳಗೆ ಮಣ್ಣು ತುಂಬಿ ದೊಡ್ಡಪತ್ರೆ ನೆಟ್ಟಿದ್ದರು.