ಕಡತದಿಂದ ಗಣಕದ ಪರದೆಗೆ: ಗಣಿತಬೋಧನೆಯ ಉಪಕರಣಗಳ ಒಂದು ಚಾರಿತ್ರಿಕ ವಿವೇಚನೆ

ನಾಡಿನ ಚರಿತ್ರೆಯನ್ನು ಬರೆಯುವಾಗ ರಾಜವಂಶಗಳಿಗೂ ಯುದ್ಧಗಳಿಗೂ ಸಂದಿರುವ ಗಮನವು, ಮಕ್ಕಳು ಯಾವ ಉಪಕರಣದಿಂದ ಲೆಕ್ಕವನ್ನು ಕಲಿತರೆಂಬ ವಿಷಯಕ್ಕೆ ಅಷ್ಟಾಗಿ ಸಂದಿಲ್ಲ. ಇಂದು ವಿದ್ಯಾರ್ಥಿಯು ತಾನೇ ರೇಖೆಯನ್ನೆಳೆದು, ಬಿಂದುವನ್ನು ಸರಿಸಿ, ಅದರ ಫಲವನ್ನು ಒಡನೆಯೇ ಪರದೆಯ ಮೇಲೆ ಕಾಣಬಹುದಾದ ಸಾಧನಗಳು ಅಂತರ್ಜಾಲದ ಮೂಲಕ ದೊರೆಯುತ್ತಿವೆ. ಇವು ತೀರ ಹೊಸವೆಂದು ಕೆಲವರು ಮೆಚ್ಚುವರು; ಅದೇ ಕಾರಣದಿಂದ ಕೆಲವರು ಶಂಕಿಸುವರು. ಈ ಎರಡು ಅಭಿಪ್ರಾಯಗಳನ್ನೂ ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಕನ್ನಡದಲ್ಲಿ ಗಣಿತಗ್ರಂಥಗಳನ್ನು ರಚಿಸಿದವರಲ್ಲಿ ಮೊದಲಿಗನೆಂದು ಪರಿಗಣಿತನಾದ ರಾಜಾದಿತ್ಯನು 12ನೆಯ ಶತಮಾನದವನು. ವ್ಯವಹಾರಗಣಿತ, ಕ್ಷೇತ್ರಗಣಿತ ಎಂಬ ಅವನ ಗ್ರಂಥಗಳ ಹೆಸರುಗಳೇ ಆ ಕಾಲದ ಗಣಿತವು ಅಂಗಡಿಯಿಂದಲೂ ಹೊಲದಿಂದಲೂ ದೂರವಾಗಿರಲಿಲ್ಲವೆಂಬುದನ್ನು ಸೂಚಿಸುತ್ತವೆ. ಮುಂದೆ ಊರೂರಿನ ಕೂಲಿಮಠಗಳಲ್ಲಿ ಬಾಲಕರು ಮೊದಲು ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿದ್ದರು. ಅನಂತರ ಅವರ ಕೈಗೆ ಬರುತ್ತಿದ್ದುದು ಕಡತ. ಹುಣಿಸೆಬೀಜದ ಅಂಟನ್ನೂ ಇದ್ದಲಿನ ಪುಡಿಯನ್ನೂ ಬಟ್ಟೆಗೆ ಬಳಿದು ಒಣಗಿಸಿ ಮಡಿಸಿದರೆ ಕಡತವಾಗುತ್ತಿತ್ತು. ಅದರ ಮೇಲೆ ಬಳಪದಿಂದ ಬರೆದು, ಅಳಿಸಿ, ಮತ್ತೆ ಬರೆಯಬಹುದಾಗಿತ್ತು. ಕಚೇರಿಯ ದಫ್ತರಕ್ಕೆ ನಾವಿಂದು ಕಡತವೆನ್ನುವುದು ಆ ಬಟ್ಟೆಯ ನೆನಪೇ ಆಗಿದೆ. ಮಗ್ಗಿಯಾದರೋ ಪೂರ್ಣಾಂಕಗಳಿಗೆ ನಿಲ್ಲದೆ ಕಾಲು, ಅರೆ, ಮುಕ್ಕಾಲು, ವೀಸಗಳವರೆಗೂ ಇಳಿಯುತ್ತಿತ್ತು.

ಈ ಪದ್ಧತಿಯನ್ನು ಅತಿಯಾಗಿ ಹೊಗಳಬೇಕಾದುದಿಲ್ಲ. ಅದರಲ್ಲಿ ಬಾಯಿಪಾಠವೇ ಹೆಚ್ಚು, ಕಾರಣವಿವೇಚನೆ ಕಡಮೆ. ಬಹುಪಾಲು ಹೆಣ್ಣುಮಕ್ಕಳಿಗೂ ಕೆಳಗೆ ನೂಕಲ್ಪಟ್ಟ ಜಾತಿಗಳಿಗೂ ಅದರ ಬಾಗಿಲು ಮುಚ್ಚಿತ್ತು. ಆದರೆ ಒಂದು ಗುಣವನ್ನು ಒಪ್ಪಬೇಕು: ಉಪಕರಣವು ಕಲಿಯುವವನ ಕೈಯಲ್ಲಿತ್ತು, ತಪ್ಪನ್ನು ಅಳಿಸಿ ತಿದ್ದಲು ಅವಕಾಶವಿತ್ತು, ಭಾಷೆ ಅವನದಾಗಿತ್ತು.

ಮೈಸೂರು ಸಂಸ್ಥಾನದಲ್ಲಿ 1857ರಲ್ಲಿ ವಿದ್ಯಾ ಇಲಾಖೆಯು ಸ್ಥಾಪಿತವಾಯಿತು. 1868ರಲ್ಲಿ ಬಿ. ಎಲ್. ರೈಸ್ ಅವರು ಹೋಬಳಿಗೊಂದು ಶಾಲೆಯೆಂಬ ಯೋಜನೆಯನ್ನು ಮುಂದಿಟ್ಟರು; ಉಪಾಧ್ಯಾಯರಿಗೆ ನಾರ್ಮಲ್ ಶಾಲೆಯಲ್ಲಿ ತರಬೇತು ಕೊಡುವುದು ಅದರ ಅಂಗವಾಗಿತ್ತು. ಈ ವ್ಯವಸ್ಥೆಯಿಂದ ವಿದ್ಯೆ ಕಾಲಕ್ರಮದಲ್ಲಿ ಹೆಚ್ಚು ಜನರಿಗೆ ತಲುಪಿತೆಂಬುದು ನಿರ್ವಿವಾದ. ಆದರೆ ತರಗತಿ ದೊಡ್ಡದಾದಂತೆ ಕಪ್ಪುಹಲಗೆ ಗೋಡೆಗೆ ಏರಿತು. ಬರೆಯುವವರು ಒಬ್ಬರು, ನೋಡುವವರು ಹಲವರು ಎಂಬಂತಾಯಿತು. ಸ್ಲೇಟು ಮಗುವಿನ ಬಳಿ ಉಳಿಯಿತಾದರೂ ಹಲಗೆಯಲ್ಲಿದ್ದುದನ್ನು ನಕಲುಮಾಡುವುದೇ ಅದರ ಮುಖ್ಯ ಕೆಲಸವಾಯಿತು.

ಯಂತ್ರವು ಬಂದೊಡನೆ ಈ ಸ್ಥಿತಿ ಮಾರ್ಪಡಲಿಲ್ಲ. 2004ರ ಸೆಪ್ಟೆಂಬರ್ 20ರಂದು ಉಡಾವಣೆಯಾದ ಎಜುಸ್ಯಾಟ್ ಉಪಗ್ರಹದ ಪ್ರಾಯೋಗಿಕ ಪಾಠಗಳಿಗೆ ನೆರೆಯ ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳು ಆಯ್ಕೆಗೊಂಡವು. ದೂರದ ಪಾಠವು ಹಳ್ಳಿಗೆ ಬಂದುದು ಸಾಮಾನ್ಯ ಸಾಧನೆಯಲ್ಲ. ಆದರೂ ಅಲ್ಲಿಯೂ ಮಗು ಪ್ರೇಕ್ಷಕನೇ. ಬೇರೆಯ ಬಗೆಯ ಉಪಕರಣವೊಂದು ಇಷ್ಟರಲ್ಲಿ ಹುಟ್ಟಿತ್ತು. ಆಸ್ಟ್ರಿಯಾದ ಸಾಲ್ಜ್‌ಬರ್ಗ್ ವಿಶ್ವವಿದ್ಯಾನಿಲಯದಲ್ಲಿ ಮಾರ್ಕಸ್ ಹೋಹೆನ್‌ವಾರ್ಟರ್ ಎಂಬುವರು 2001ರಲ್ಲಿ ಜಿಯೋಜೀಬ್ರಾ ತಂತ್ರಾಂಶವನ್ನು ಪ್ರಾರಂಭಿಸಿದರು. ಇದರಲ್ಲಿ ತ್ರಿಭುಜದ ಶೃಂಗವೊಂದನ್ನು ಹಿಡಿದೆಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಅಂಶವಾಗಿಯೇ ನಿಲ್ಲುತ್ತದೆ. ಕರ್ನಾಟಕದಲ್ಲಿ ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆಯು ಐಟಿ ಫಾರ್ ಚೇಂಜ್ ಸಂಸ್ಥೆಯೊಡನೆ 2011ರಿಂದ ನಡೆಸಿದ ವಿಷಯಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಪ್ರೌಢಶಾಲೆಯ ಗಣಿತಶಿಕ್ಷಕರು ಇದನ್ನು ಅಭ್ಯಾಸಮಾಡಿದರು; ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಅಂತರ್ಜಾಲಕೋಶದಲ್ಲಿ ಶಿಕ್ಷಕರೇ ಸಿದ್ಧಪಡಿಸಿದ ಕನ್ನಡ ಪಾಠಸಾಮಗ್ರಿ ಸೇರತೊಡಗಿತು. ತರಬೇತು ಪಡೆದ ಉಪಾಧ್ಯಾಯನು ತಾನೇ ಪಾಠಕರ್ತನೂ ಆಗತಕ್ಕದ್ದೆಂಬುದು ಈ ಪ್ರಯತ್ನದ ಸಾರ.

ಪಾಠಕರ್ತನಾಗುವ ಉಪಾಧ್ಯಾಯನಿಗೆ ಈ ನಾಲ್ಕು ತಾಲ್ಲೂಕುಗಳಲ್ಲಿ ಸಾಮಗ್ರಿಗೆ ಕೊರತೆಯಿಲ್ಲ. 1799ರ ಶ್ರೀರಂಗಪಟ್ಟಣದ ಮುತ್ತಿಗೆಯಲ್ಲಿ ಭಾಗವಹಿಸಿದ್ದ ವಿಲಿಯಂ ಲ್ಯಾಂಬ್ಟನ್, ಅದಾದ ಮೇಲೆಯೇ ತ್ರಿಕೋನಮಿತಿಯಿಂದ ದಕ್ಷಿಣ ದೇಶವನ್ನು ಅಳೆಯುವ ಯೋಜನೆಯನ್ನು ಮಂಡಿಸಿದನು; 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯನ್ನು ಅಳೆದನು. ಒಂದು ಭುಜವೂ ಎರಡು ಕೋನಗಳೂ ತಿಳಿದರೆ ತ್ರಿಭುಜವು ನಿಶ್ಚಿತವಾಗುವುದೆಂಬ ತತ್ತ್ವವನ್ನು ಪರದೆಯ ಮೇಲೆ ಪರೀಕ್ಷಿಸುವ ಶ್ರೀರಂಗಪಟ್ಟಣದ ಬಾಲಕನಿಗೆ, ಆ ತತ್ತ್ವಕ್ಕೂ ತನ್ನ ಊರಿನ ಪತನಕ್ಕೂ ಇರುವ ಸಂಬಂಧವನ್ನು ಹೇಳಿದರೆ ಗಣಿತವೂ ಚರಿತ್ರೆಯೂ ಒಟ್ಟಿಗೆ ಮನಸ್ಸಿಗೆ ಹತ್ತುವುವು.

ಕೃಷ್ಣರಾಜಪೇಟೆಯ ಹೊಸಹೊಳಲು, ನಾಗಮಂಗಲದ ಸೌಮ್ಯಕೇಶವ ಗುಡಿಗಳು ಹೊಯ್ಸಳರ ಕಾಲವನ್ನು ಕಣ್ಣಮುಂದೆ ನಿಲ್ಲಿಸುತ್ತವೆ. ಆ ಶೈಲಿಯ ನಕ್ಷತ್ರವಿನ್ಯಾಸವನ್ನು ಒಂದು ಚೌಕವನ್ನು ಅದರ ಕೇಂದ್ರದ ಸುತ್ತ ತಿರುಗಿಸಿ ಪಡೆಯಬಹುದು: 22.5 ಅಂಶಗಳ ಅಂತರದಲ್ಲಿ ನಾಲ್ಕು ಚೌಕಗಳನ್ನಿರಿಸಿದರೆ, ಸೋಮನಾಥಪುರದಲ್ಲಿರುವಂತೆ, 16 ಮೂಲೆಗಳ ನಕ್ಷತ್ರ ಮೂಡುತ್ತದೆ. ಪ್ರತಿಯೊಂದು ಮೂಲೆಯೂ ಲಂಬಕೋನ. ಈ ಗುಡಿಗಳನ್ನು ಕಡೆದ ಬಳಪದ ಕಲ್ಲೂ ಬಾಲಕರು ಕಡತದ ಮೇಲೆ ಬರೆದ ಬಳಪವೂ ಒಂದೇ ಜಾತಿಯವೆಂಬುದು ಗಮನಾರ್ಹ.

ಇವೆಲ್ಲಕ್ಕಿಂತ ಜೀವನಕ್ಕೆ ಹತ್ತಿರವಾದುದು ಕನ್ನಂಬಾಡಿಯ ಕಟ್ಟೆ. 1911ರಲ್ಲಿ ಕೆಲಸ ಪ್ರಾರಂಭವಾದ ಕೃಷ್ಣರಾಜಸಾಗರದ ಗರಿಷ್ಠಮಟ್ಟ 124.80 ಅಡಿ, ಸಂಗ್ರಹ ಸುಮಾರು 49.45 ಟಿಎಂಸಿ. ಮಟ್ಟವು 100 ಅಡಿಯಿರುವಾಗ ಐದರಲ್ಲಿ ನಾಲ್ಕು ಪಾಲು ನೀರಿದೆಯೆಂದು ಭಾವಿಸುವುದು ಸಹಜ. ವಾಸ್ತವವಾಗಿ ಅರ್ಧಕ್ಕಿಂತ ಕಡಮೆಯಿರುತ್ತದೆ. ಜಲಾಶಯವು ಮೇಲೇರಿದಂತೆ ಅಗಲವಾಗುವುದೇ ಇದಕ್ಕೆ ಕಾರಣ. ಮಟ್ಟವನ್ನು ಏರಿಸಿ ಇಳಿಸಿ ಸಂಗ್ರಹದ ವಕ್ರರೇಖೆಯನ್ನು ನೋಡಿದ ಪಾಂಡವಪುರದ ರೈತನ ಮಗಳು, ನಾಲೆಗೆ ನೀರು ಬರುವುದೋ ಇಲ್ಲವೋ ಎಂಬ ಮನೆಯ ಚಿಂತೆಗೆ ಗಣಿತದಲ್ಲಿ ಉತ್ತರವನ್ನು ಹುಡುಕಬಲ್ಲಳು.

ಇದಕ್ಕೆ ಆಕ್ಷೇಪಣೆಗಳಿಲ್ಲದಿಲ್ಲ. ನೂರು ತ್ರಿಭುಜಗಳಲ್ಲಿ ಕಂಡುದು ಸಾಧನೆಯಾಗದು. ನೋಡಿ ಊಹಿಸಿದ ಮೇಲೆ ಕಾರಣವನ್ನು ಕಾಗದದ ಮೇಲೆ ಬರೆದು ಸಾಧಿಸಲೇಬೇಕು. 2020ರಲ್ಲಿ ಶಾಲೆಗಳು ಮುಚ್ಚಿದಾಗ ಫೋನು ಇದ್ದ ಮನೆಗೂ ಇಲ್ಲದ ಮನೆಗೂ ಇರುವ ಅಂತರ ಎಲ್ಲರಿಗೂ ಗೋಚರವಾಯಿತು. ಉಪಾಧ್ಯಾಯರು ವಿದ್ಯಾಗಮದ ಹೆಸರಿನಲ್ಲಿ ಮರದ ನೆರಳಿಗೂ ಗುಡಿಯ ಜಗಲಿಗೂ ಪಾಠವನ್ನು ಒಯ್ದರು. ಸಾಧನವು ಎಲ್ಲರ ಕೈಗೂ ಸಿಗದಿದ್ದರೆ ಕೂಲಿಮಠದ ಮುಚ್ಚಿದ ಬಾಗಿಲೇ ಹೊಸ ರೂಪದಲ್ಲಿ ಮರಳುವುದು.

ಮೇಲಿನ ವಿವೇಚನೆಯಿಂದ ಒಂದು ನಿರ್ಣಯಕ್ಕೆ ಬರಬಹುದು. ಉಪಕರಣದ ಯೋಗ್ಯತೆಯನ್ನು ಅದರ ಹೊಸತನದಿಂದ ಅಳೆಯಲಾಗದು. ಅದು ಯಾರ ಕೈಯಲ್ಲಿದೆ, ಯಾವ ಭಾಷೆಯಲ್ಲಿ ಮಾತನಾಡುತ್ತದೆ, ಯಾವ ನೆಲದ ಲೆಕ್ಕವನ್ನು ಮಾಡುತ್ತದೆ ಎಂಬ ಮೂರು ಪ್ರಶ್ನೆಗಳೇ ಅದಕ್ಕೆ ಒರೆಗಲ್ಲು. ಪರದೆಯನ್ನು ಗೋಡೆಗೆ ಏರಿಸಿ ಮಕ್ಕಳನ್ನು ಎದುರಿಗೆ ಕೂಡಿಸಿದರೆ ಅದು ಬೆಲೆಬಾಳುವ ಕಪ್ಪುಹಲಗೆ. ಅವರ ಕೈಗೇ ಕೊಟ್ಟು, ತಪ್ಪಲು ಬಿಟ್ಟು, ಕನ್ನಡದಲ್ಲಿ ಕಾರಣವನ್ನು ಕೇಳಿದರೆ ಅದು ಹಳೆಯ ಕಡತದ ನಿಜವಾದ ಉತ್ತರಾಧಿಕಾರಿ.